ಅತ್ತೆಯ ಬೆರಳು

ಮೂರು ವರ್ಷಗಳಿಂದ ಅನ್ನಪೂರ್ಣಾಳ ಕೈಗಳು ಅವಳ ಜೊತೆಗೆ ಏಳುತ್ತಿರಲಿಲ್ಲ. ಕಣ್ಣು ಬಿಟ್ಟ ಮೇಲೆ ಹೊದಿಕೆ ಸರಿಸಬೇಕೆಂದರೆ ಮೊಣಕೈಯಿಂದ ತಳ್ಳಬೇಕಿತ್ತು. ಬೆರಳುಗಳು ಅರ್ಧ ಮಡಚಿಕೊಂಡು ಬಿಗಿದು ನಿಂತಿರುತ್ತಿದ್ದವು. ಬಿಡಿಸಲು ಹೋದರೆ ಗೆಣ್ಣುಗೆಣ್ಣಿನಲ್ಲೂ ಉರಿ. ಹೊತ್ತು ಏರಿದಂತೆ ಅವು ಒಂದೊಂದಾಗಿ ಸಡಿಲಗೊಳ್ಳುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಕಾಯಿಪಲ್ಲೆ ಹೆಚ್ಚುವಷ್ಟು, ತಲೆ ಬಾಚಿಕೊಳ್ಳುವಷ್ಟು ಕೈ ಬರುತ್ತಿತ್ತು. ಮರುದಿನ ಬೆಳಿಗ್ಗೆ ಮತ್ತೆ ಅದೇ.

ದಾಂಡೇಲಿಯ ಅಂಬೇವಾಡಿಯಲ್ಲಿ ಅವರದು ಎರಡು ಕೋಣೆಯ ಮನೆ. ಗಂಡ ಜ್ಯೋತಿಬಾ ಕಾಗದದ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಗಾರ. ಬೆಳಕು ಹರಿಯುವ ಮೊದಲೇ ಸೈಕಲ್ಲು ಹತ್ತಿ ಮೊದಲ ಪಾಳಿಗೆ ಹೋಗಿಬಿಡುತ್ತಿದ್ದ. ಒಬ್ಬಳೇ ಮಗಳು ಸ್ವಪ್ನಾ ಹಳಿಯಾಳದಲ್ಲಿ ಹಾಸ್ಟೆಲ್ಲಿನಲ್ಲಿದ್ದು ಓದುತ್ತಿದ್ದಳು. ಅನ್ನಪೂರ್ಣಾ ಮೊದಲು ಓಣಿಯವರಿಗೆಲ್ಲ ಜಂಪರು ಹೊಲಿದು ಕೊಡುತ್ತಿದ್ದವಳು. ಈಗ ಹೊಲಿಗೆ ಮಷೀನಿನ ಮೇಲೆ ಹಾಸಿಗೆ ಮಡಚಿಡುತ್ತಿದ್ದರು.

ಬೆಳಗಿನ ಹೊತ್ತು ಮನೆಯಲ್ಲಿ ಉಳಿಯುತ್ತಿದ್ದವರು ಅವಳು ಮತ್ತು ಅತ್ತೆ ದುರ್ಗವ್ವ. ದುರ್ಗವ್ವನಿಗೆ ಎಪ್ಪತ್ತು ದಾಟಿತ್ತು. ಖಾನಾಪುರ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದವಳು, ಗಂಡ ತೀರಿಕೊಂಡ ಮೇಲೆ ಕಟ್ಟಿಗೆ ಡಿಪೋದಲ್ಲಿ ಕೂಲಿ ಮಾಡಿ ಜ್ಯೋತಿಬಾನನ್ನು ಬೆಳೆಸಿದ್ದಳು. ಸೊಸೆ ಬಂದ ಮೇಲೆ ಒಲೆಯ ಮುಂದಿನಿಂದ ಎದ್ದಿದ್ದ ಆಕೆ, ಈಗ ಮತ್ತೆ ಬೆಳಿಗ್ಗೆ ಎದ್ದು ರೊಟ್ಟಿ ಬಡಿಯಬೇಕಾಗಿತ್ತು. ಸೊಸೆಯ ನೋವನ್ನು ಆಕೆ ನಂಬಿರಲಿಲ್ಲ. ಬೆಳಿಗ್ಗೆ ಹಿಟ್ಟು ನಾದಲಾಗದ ಕೈ ಮಧ್ಯಾಹ್ನ ಜಡೆ ಹೆಣೆದುಕೊಳ್ಳುವುದನ್ನು ಆಕೆ ಕಣ್ಣಾರೆ ಕಂಡಿದ್ದಳು. ಬೆಳಗಿನ ಕೆಲಸ ಮುಗಿಯುವ ತನಕ ಅಷ್ಟೇ ನಮ್ಮ ಸೊಸೆಗೆ ಬ್ಯಾನಿ ಎಂದು ಪಕ್ಕದ ಮನೆಯ ಶಿವವ್ವನ ಮುಂದೆ ಹೇಳಿದ್ದನ್ನು ಅನ್ನಪೂರ್ಣಾ ಒಳಗಿನಿಂದಲೇ ಕೇಳಿಸಿಕೊಂಡಿದ್ದಳು. ಕೇಳಿಸಿಕೊಂಡು ಸುಮ್ಮನಾಗಿದ್ದಳು. ಜಗಳಕ್ಕೂ ಒಂದಿಷ್ಟು ತ್ರಾಣ ಬೇಕು.

ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಅವಳಿಗೆ ಔಷಧ ನಡೆದಿತ್ತು. ಅಲ್ಲಿಯ ಡಾಕ್ಟರು ಸುವರ್ಣಾ, ಅವಳಿಗಿಂತ ಚಿಕ್ಕ ವಯಸ್ಸಿನವರು. ಮಳೆಗಾಲದ ಆರಂಭದಲ್ಲಿ ಹೋದಾಗ ಅವರು ಅವಳ ಕೈಯನ್ನು ತಮ್ಮ ಕೈಯಲ್ಲಿಟ್ಟುಕೊಂಡು ಒಂದೊಂದೇ ಗೆಣ್ಣನ್ನು ಮೆಲ್ಲಗೆ ಒತ್ತಿ ನೋಡಿದರು. ಕೀಲುವಾತವೆಂಬ ಈ ರೋಗದ ಗುಣವೇ ಹೀಗೆ, ಬೆಳಿಗ್ಗೆ ಹಿಡಿದುಕೊಂಡು ಮಧ್ಯಾಹ್ನ ಬಿಡುತ್ತದೆ ಎಂದರು. ತನ್ನಂಥ ಎಷ್ಟೋ ಜನರಿಗೆ ಹೀಗೆಯೇ ಆಗುತ್ತದೆ ಎಂಬುದು ಅನ್ನಪೂರ್ಣಾಳಿಗೆ ಅಂದೇ ತಿಳಿದದ್ದು. ಇಷ್ಟು ವರ್ಷದಲ್ಲಿ ಬೆಳಗಿನ ನೋವನ್ನು ರೋಗ ಎಂದು ಕರೆದ ಮೊದಲ ಮನುಷ್ಯರು ಅವರು.

ಆಮೇಲೆ ಡಾಕ್ಟರು ಒಂದು ಅಧ್ಯಯನದ ವಿಷಯ ತೆಗೆದರು. ಬೆಳಗಿನ ನೋವಿನ ಮೇಲೆ ಯಾವ ಮಾತ್ರೆ ಎಷ್ಟು ಕೆಲಸ ಮಾಡುತ್ತದೆ ಎಂದು ತಿಳಿಯಬೇಕಿತ್ತು. ಅದಕ್ಕೆ ರೋಗಿಗಳು ದಿನಾ ಬೆಳಿಗ್ಗೆ ಮೊಬೈಲಿನಲ್ಲಿ ಕೆಲವು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಸಂಜೆ ಕೇಳಿದರೆ ಜನ ಬೆಳಗಿನ ನೋವನ್ನು ಅರ್ಧ ಮರೆತಿರುತ್ತಾರೆ, ಎದ್ದ ಕೂಡಲೇ ಹೇಳಿದರೆ ಮಾತ್ರ ನಂಬಬಹುದು ಎಂದು ಅವರು ವಿವರಿಸಿದರು. ಬೇಡವೆಂದರೂ ಔಷಧವೇನೂ ನಿಲ್ಲುವುದಿಲ್ಲ ಎಂದೂ ಹೇಳಿದರು. ಅನ್ನಪೂರ್ಣಾ ಆಗಲಿ ಎಂದಳು. ಆ ಹೊತ್ತಿನಲ್ಲಿ ಅವರು ಏನು ಕೇಳಿದ್ದರೂ ಅವಳು ಆಗಲಿ ಎನ್ನುತ್ತಿದ್ದಳು.

ರಜೆಗೆ ಬಂದಿದ್ದ ಸ್ವಪ್ನಾ ಮೊಬೈಲಿನಲ್ಲಿ ಎಲ್ಲವನ್ನೂ ಹಾಕಿ ಕೊಟ್ಟಳು. ಪುಟಗಟ್ಟಲೆ ಇದ್ದ ಸೂಚನೆಗಳನ್ನು ಸರಸರ ಮೇಲೆ ತಳ್ಳುತ್ತ, ಕೇಳಿದಲ್ಲೆಲ್ಲ ಗುರುತು ಹಾಕುತ್ತ ಹೋದಳು. ಅದರಲ್ಲಿ ಉತ್ತರಗಳನ್ನು ನಾನೇ ಸ್ವತಃ ತುಂಬುತ್ತೇನೆ ಎಂಬುದೂ ಒಂದಿತ್ತು. ಅದರ ಮೇಲೆ ಒತ್ತಿದ್ದೂ ಮಗಳ ಬೆರಳೇ.

ಸ್ವಪ್ನಾ ಹಾಸ್ಟೆಲ್ಲಿಗೆ ಮರಳಿದ ಮೇಲೆ ತೊಂದರೆ ಶುರುವಾಯಿತು. ನಸುಕಿನಲ್ಲಿ ಮೊಬೈಲು ಟಿಣ್ ಎನ್ನುತ್ತಿತ್ತು. ಆಗಿನಿಂದ ಒಂದು ತಾಸಿನೊಳಗೆ ಉತ್ತರ ಹೋಗಬೇಕು. ತಡವಾದರೆ ಆ ದಿನದ ಪ್ರಶ್ನೆಗಳು ಮುಚ್ಚಿಕೊಳ್ಳುತ್ತಿದ್ದವು. ಆ ಒಂದು ತಾಸಿನಲ್ಲೇ ಅವಳ ಕೈ ಎಲ್ಲಕ್ಕಿಂತ ಕೆಟ್ಟದಾಗಿರುತ್ತಿತ್ತು. ಉತ್ತರದ ಮುಂದಿನ ಗುಂಡುಗಳು ಸಾಸಿವೆಯಷ್ಟು ಸಣ್ಣವು. ಬಾಗಿದ ಬೆರಳನ್ನು ಎತ್ತಿ ಅದರ ಮೇಲೆ ಇಡುವಷ್ಟರಲ್ಲಿ ಅದು ಪಕ್ಕದ್ದಕ್ಕೆ ತಾಗುತ್ತಿತ್ತು. ನೋವಿನ ಅಳತೆ ಕೇಳುವ ಜಾಗದಲ್ಲಿ ಸೊನ್ನೆಯಿಂದ ಹತ್ತರ ತನಕ ಅಂಕಿಗಳು. ಒಮ್ಮೆ ಎಂಟು ಒತ್ತಲು ಹೋಗಿ, ಕೈ ಜಾರಿ ಸೊನ್ನೆ ಒತ್ತಿಬಿಟ್ಟಳು. ಹಿಂದೆ ಹೋಗಲು ಬರಲಿಲ್ಲ. ಆ ದಿನ ನೋವೇ ಇಲ್ಲ ಎಂದು ಹುಬ್ಬಳ್ಳಿಗೆ ಉತ್ತರ ಹೋಯಿತು. ಬೆರಳು ಸಾವರಿಸಿಕೊಳ್ಳಲೆಂದು ಸ್ವಲ್ಪ ತಡೆದರೆ ಸಮಯ ಮೀರಿದೆ ಎಂದು ಬಂದು, ಮತ್ತೆ ಮೊದಲ ಪ್ರಶ್ನೆಯಿಂದ ಆರಂಭಿಸಬೇಕಾಗುತ್ತಿತ್ತು.

ಪ್ರಶ್ನೆಗಳ ಕನ್ನಡವೂ ಬೇರೆ ಎಲ್ಲಿಯದೋ ಆಗಿತ್ತು. ಹತ್ತನೇ ತರಗತಿ ಓದಿದ್ದ ಅನ್ನಪೂರ್ಣಾ ಅವನ್ನು ಎರಡೆರಡು ಸಲ ಓದಿಕೊಳ್ಳುತ್ತಿದ್ದಳು. ಪೆಡಸುತನದ ತೀವ್ರತೆ ಎಂದರೆ ಕೈ ಎಷ್ಟು ಬಿಗಿದುಕೊಂಡಿದೆ ಎಂಬ ಅರ್ಥವೆಂದು ಮೂರನೆಯ ದಿನ ಹೊಳೆಯಿತು. ಬಾಗಿಲ ಹಿಡಿಕೆಯ ಗುಂಡು ತಿರುಗಿಸಲು ಎಷ್ಟು ಕಷ್ಟ ಎಂದು ಕೇಳುತ್ತಿತ್ತು. ಅವರ ಮನೆಯ ಬಾಗಿಲಿಗೆ ಇದ್ದದ್ದು ಅಗಳಿ. ಕೊಡ ಎತ್ತುವುದನ್ನು, ಸೀರೆಯ ನಿರಿಗೆ ಹಿಡಿಯುವುದನ್ನು, ಹಿಟ್ಟು ನಾದುವುದನ್ನು ಅದು ಕೇಳುತ್ತಲೇ ಇರಲಿಲ್ಲ. ಯಾವುದನ್ನೂ ಖಾಲಿ ಬಿಟ್ಟು ಮುಂದೆ ಹೋಗುವ ಹಾಗೂ ಇರಲಿಲ್ಲ.

ವಾರದ ರಜೆಯ ದಿನ ಜ್ಯೋತಿಬಾ ಮನೆಯಲ್ಲಿದ್ದರೆ ಅವನೇ ಒತ್ತಿಕೊಡುತ್ತಿದ್ದ. ಆದರೆ ಅವನು ಅವಳನ್ನು ಕೇಳುತ್ತಿರಲಿಲ್ಲ. ಪ್ರಶ್ನೆ ಓದುವ ಮೊದಲೇ ತುಂಬಾ ಕಷ್ಟ, ತುಂಬಾ ಕಷ್ಟ ಎಂದು ಎಲ್ಲದಕ್ಕೂ ಒತ್ತಿ ಮೊಬೈಲು ಕೆಳಗಿಟ್ಟು ಮತ್ತೆ ಮಲಗುತ್ತಿದ್ದ. ಕಷ್ಟ ಅಂತ ನನಗೆ ಗೊತ್ತಿಲ್ಲವೇ ಎನ್ನುತ್ತಿದ್ದ. ವಾರವೆಲ್ಲ ದುಡಿದು ಬಂದವನನ್ನು ಎಬ್ಬಿಸಿ ಕೂರಿಸಲು ಅವಳಿಗೆ ಮನಸ್ಸಾಗುತ್ತಿರಲಿಲ್ಲ.

ಒಂದು ದಿನ ಬೆರಳು ಯಾವ ರೀತಿಯಲ್ಲೂ ಕೇಳದೆ ಹೋದಾಗ ಅವಳು ಮೊಬೈಲನ್ನು ಹಾಸಿಗೆಯ ಮೇಲಿಟ್ಟು, ಬಗ್ಗಿ, ಮೂಗಿನ ತುದಿಯಿಂದ ಒತ್ತಿದಳು. ಒತ್ತಿತು. ತಲೆ ಎತ್ತಿ ಮುಂದಿನ ಪ್ರಶ್ನೆ ಓದಿದಳು, ಮತ್ತೆ ಬಗ್ಗಿದಳು. ಚಹಾ ತಂದಿದ್ದ ದುರ್ಗವ್ವ ಬಾಗಿಲಲ್ಲಿ ನಿಂತು ಇದನ್ನು ಸ್ವಲ್ಪ ಹೊತ್ತು ನೋಡಿದಳು.

"ಮೂಗಿಲೆ ಏನ್ ಒತ್ತಾಕತ್ತಿ? ಕೊಡ ಇಲ್ಲಿ. ಎಲ್ಲಿ ಒತ್ತಬೇಕು ಹೇಳ."

ಹಾಸಿಗೆಯ ತುದಿಗೆ ಕೂತು ಆಕೆ ಬೆರಳಿಟ್ಟಳು. ಏನೂ ಆಗಲಿಲ್ಲ. ಇನ್ನೂ ಜೋರಾಗಿ ಒತ್ತಿದಳು. ವರ್ಷಗಟ್ಟಲೆ ಕಟ್ಟಿಗೆ ಹೊತ್ತು, ರೊಟ್ಟಿ ಬಡಿದು ದಡ್ಡುಗಟ್ಟಿದ ಆ ಬೆರಳು ಮೊಬೈಲಿಗೆ ತಿಳಿಯಲೇ ಇಲ್ಲ. ದುರ್ಗವ್ವ ಬೆರಳ ತುದಿಯನ್ನು ನಾಲಿಗೆಗೆ ತಾಗಿಸಿಕೊಂಡು, ಸೆರಗಿಗೆ ಒರೆಸಿ, ಇನ್ನೊಮ್ಮೆ ಇಟ್ಟಳು. ಈ ಸಲ ಗುಂಡು ನೀಲಿಯಾಯಿತು.

ಅಂದಿನಿಂದ ಅದೇ ರೂಢಿಯಾಯಿತು. ಓದಲು ಬರುವವಳ ಕೈ ಏಳುತ್ತಿರಲಿಲ್ಲ, ಕೈ ಏಳುವವಳಿಗೆ ಓದಲು ಬರುತ್ತಿರಲಿಲ್ಲ. ರೊಟ್ಟಿಯ ಹಿಟ್ಟಿಗೆ ನೀರು ಕಾಯಲು ಇಟ್ಟು ದುರ್ಗವ್ವ ಒಳಗೆ ಬರುತ್ತಿದ್ದಳು. ಅನ್ನಪೂರ್ಣಾ ಗಟ್ಟಿಯಾಗಿ ಓದುತ್ತಿದ್ದಳು, ಯಾವುದರ ಮೇಲೆ ಒತ್ತಬೇಕೆಂದು ಗದ್ದದಿಂದ ತೋರಿಸುತ್ತಿದ್ದಳು. ಅಂಕಿಗಳನ್ನಂತೂ ದುರ್ಗವ್ವ ಬಲ್ಲಳು. ನಿನ್ನೆ ಮಧ್ಯಾಹ್ನ ನಗುತ್ತ ಕೂತವಳಿಗೆ ಇವತ್ತು ಎಂಟು ಹೇಗೆ ಬಂತು ಎಂದು ಮೊದಮೊದಲು ಗೊಣಗುತ್ತಿದ್ದಳು. ಅದು ಮಧ್ಯಾಹ್ನದ್ದು, ಇದು ಈಗಿನದನ್ನು ಕೇಳುತ್ತದೆ ಎಂದು ಅನ್ನಪೂರ್ಣಾ ಹೇಳುತ್ತಿದ್ದಳು. ದುರ್ಗವ್ವ ಹ್ಞಾಂ ಅನ್ನದೆ ಹ್ಞೂಂ ಅನ್ನದೆ ಎಂಟನ್ನು ಒತ್ತುತ್ತಿದ್ದಳು. ದಿನಗಳು ಕಳೆದ ಹಾಗೆ ಗೊಣಗುವುದೂ ನಿಂತಿತು. ಒಮ್ಮೆ ಅನ್ನಪೂರ್ಣಾ ಆರು ಎಂದಾಗ ದುರ್ಗವ್ವ ಅವಳ ಕೈಯನ್ನೊಮ್ಮೆ ನೋಡಿ, ನಿನ್ನೆಗಿಂತ ಜಾಸ್ತಿ ಬಾತಿದೆಯಲ್ಲ ಎಂದಿದ್ದಳು. ಮಾತು ಅಷ್ಟೇ. ಆಮೇಲೆ ಎದ್ದು ಒಲೆಯ ಕಡೆ ಹೋಗುವಾಗ ಗೋಡೆ ಹಿಡಿದುಕೊಂಡು ಹೋದಳು. ಆಕೆಯ ಮೊಣಕಾಲಿನ ವಿಷಯವನ್ನು ಯಾವ ಮೊಬೈಲೂ ಕೇಳುತ್ತಿರಲಿಲ್ಲ.

ಸೋಮವಾರದ ಪ್ರಶ್ನೆಗಳು ಉದ್ದವಾಗಿರುತ್ತಿದ್ದವು. ದಿನದ ಪ್ರಶ್ನೆಗಳು ಮುಗಿದ ಮೇಲೆ ಇನ್ನೊಂದು ಕಂತು ಬರುತ್ತಿತ್ತು. ನಿದ್ದೆ ಹೇಗಿದೆ, ಊಟ ಹೇಗಿದೆ, ಮನಸ್ಸು ಹೇಗಿದೆ. ಕಾರಿನಲ್ಲಿ ಹತ್ತಿ ಇಳಿಯಲು ಎಷ್ಟು ಕಷ್ಟ ಎಂಬುದೂ ಅದರಲ್ಲಿತ್ತು. ಅದನ್ನು ಕೇಳಿದಾಗಲೆಲ್ಲ ದುರ್ಗವ್ವನಿಗೆ ನಗು. ಮೊದಲು ಕಾರು ಕೊಡಲಿ, ಆಮೇಲೆ ಹೇಳೋಣ ಎನ್ನುತ್ತಿದ್ದಳು.

ಆಷಾಢದ ಒಂದು ಸೋಮವಾರ ಒಂದು ಹೊಸ ಪುಟ ಬಂತು. ಮನೆಯ ವಾತಾವರಣ ಎಂದು ಮೇಲೆ ಬರೆದಿತ್ತು. ಅನ್ನಪೂರ್ಣಾ ಮೊದಲ ಪ್ರಶ್ನೆಯನ್ನು ಓದಲು ಬಾಯಿ ತೆರೆದವಳು ಹಾಗೆಯೇ ಉಳಿದಳು. ನಿಮ್ಮ ನೋವು ನಿಜವಾದದ್ದೆಂದು ನಿಮ್ಮ ಮನೆಯವರು ನಂಬುತ್ತಾರೆಯೇ? ಉತ್ತರಗಳು ಮೂರು. ಯಾವಾಗಲೂ, ಕೆಲವೊಮ್ಮೆ, ಇಲ್ಲ.

ದುರ್ಗವ್ವ ಬೆರಳನ್ನು ಒದ್ದೆ ಮಾಡಿಕೊಂಡು ಕಾಯುತ್ತ ಕೂತಿದ್ದಳು.

ಮೊದಲನೆಯದನ್ನು ಒತ್ತಿಸಿದ್ದರೆ ಮುಗಿದುಹೋಗುತ್ತಿತ್ತು. ಅನ್ನಪೂರ್ಣಾ ಹಾಗೆ ಮಾಡಬೇಕೆಂದೇ ಅಂದುಕೊಂಡಳು. ಆದರೆ ಮೂರು ವರ್ಷಗಳಲ್ಲಿ ಈ ಮಾತನ್ನು ಅವಳು ಎಲ್ಲಿಯೂ ಆಡಿರಲಿಲ್ಲ. ಗಂಡನ ಮುಂದೆ ಆಡಿದರೆ ಅವನು ತಾಯಿಯ ಜೊತೆ ಜಗಳವಾಡುತ್ತಾನೆ, ಇಲ್ಲವೇ ಕೇಳಿಸದ ಹಾಗೆ ಎದ್ದು ಹೋಗುತ್ತಾನೆ. ಮಗಳ ಮುಂದೆ ಆಡುವಂಥದ್ದಲ್ಲ. ಯಾರೋ ಮೊದಲ ಸಲ ಕೇಳಿದ್ದರು, ಅದೂ ಬರಹದಲ್ಲಿ.

"ಮತ್ತ ಆ ಕಾರಿಂದ ಕೇಳ್ಯಾರರಿ ಅತ್ತಿ," ಎಂದಳು ಅವಳು. "ಮೂರನೇದು ಒತ್ತರಿ."

ದುರ್ಗವ್ವ ಮೂರನೆಯದನ್ನು ಒತ್ತಿದಳು. ಕಾರು ಇಟ್ಟುಕೊಂಡವರೇ ಕೂತು ಇದನ್ನು ಬರೆದಿದ್ದಾರೆ ಎಂದು ನಕ್ಕಳು. ಅನ್ನಪೂರ್ಣಾಳೂ ನಗಲು ನೋಡಿದಳು. ಇಡೀ ದಿನ ಅವಳಿಗೆ ಅನ್ನ ಸೇರಲಿಲ್ಲ. ಅತ್ತೆಯ ಮೇಲಿನ ದೂರನ್ನು ಅತ್ತೆಯ ಬೆರಳಿನಿಂದಲೇ ಬರೆಸಿದ್ದೇನೆ ಎಂಬುದೇ ತಲೆಯಲ್ಲಿ ಸುತ್ತುತ್ತಿತ್ತು.

ಎರಡು ದಿನಗಳ ಮೇಲೆ ಮಧ್ಯಾಹ್ನ ಹುಬ್ಬಳ್ಳಿಯಿಂದ ಫೋನು ಬಂತು. ಅನ್ನಪೂರ್ಣಾಳಿಗೆ ಮೊಬೈಲನ್ನು ಕಿವಿಗೆ ಹಿಡಿದು ಕೂರಲು ಆಗುತ್ತಿರಲಿಲ್ಲ. ಯಾರದೇ ಫೋನು ಬಂದರೂ ಸ್ಪೀಕರ್ ಹಾಕಿ ನೆಲದ ಮೇಲಿಟ್ಟು ಮಾತಾಡುವುದು ಅವಳ ರೂಢಿ. ದುರ್ಗವ್ವ ಅಲ್ಲೇ ಮೊರ ಹಿಡಿದುಕೊಂಡು ಜೋಳ ಹಸನು ಮಾಡುತ್ತಿದ್ದಳು. ಆ ಕಡೆಯಿಂದ ಮಾತಾಡಿದವಳು ಒಬ್ಬ ಹುಡುಗಿ, ಅಧ್ಯಯನದ ಕೆಲಸ ನೋಡಿಕೊಳ್ಳುವವಳು. ಬಹಳ ಮರ್ಯಾದೆಯಿಂದ, ಮೆತ್ತಗೆ ಮಾತಾಡಿದಳು.

"ನಿಮ್ಮ ಉತ್ತರದಲ್ಲಿ, ಮನೆಯಲ್ಲಿ ಯಾರೂ ನಿಮ್ಮ ನೋವನ್ನು ನಂಬೋದಿಲ್ಲ ಅಂತ ಬಂದಿದೆ ಮೇಡಂ. ಅದರ ಬಗ್ಗೆ ನಿಮಗೆ ಮಾತಾಡಬೇಕು ಅನ್ಸಿದ್ರೆ ನಮ್ಮಲ್ಲಿ ಒಬ್ಬರು ಇದ್ದಾರೆ. ಅವರಿಂದ ಫೋನ್ ಮಾಡಿಸ್ಲಾ?"

ಮೊರದ ಸದ್ದು ನಿಂತಿತು. ಅನ್ನಪೂರ್ಣಾ ಬೇಡ ಎಂದಳು. ತಪ್ಪಾಗಿ ಒತ್ತಿರಬೇಕು ಎಂದಳು. ಹುಡುಗಿ ಇನ್ನೂ ಏನೋ ಹೇಳುತ್ತಿರುವಾಗಲೇ ಅಂಗೈಯ ಬುಡದಿಂದ ಒರೆಸಿ ಒರೆಸಿ ಫೋನು ಕಟ್ ಮಾಡಿದಳು. ಸ್ವಲ್ಪ ಹೊತ್ತಿನ ನಂತರ ಮೊರದ ಸದ್ದು ಮತ್ತೆ ಆರಂಭವಾಯಿತು.  ಸಂಜೆ ದೀಪ ಹಚ್ಚಿದ ಮೇಲೆ ದುರ್ಗವ್ವ, ಸೊಸೆಯ ಮುಖ ನೋಡದೆ, ಅದು ಕಾರಿನ ಪ್ರಶ್ನೆಯಾಗಿರಲಿಲ್ಲ ಎಂದಷ್ಟೇ ಅಂದಳು.

ಮರುದಿನ ಮೊಬೈಲು ಟಿಣ್ ಎಂದಾಗ ದುರ್ಗವ್ವ ಒಳಗೆ ಬರಲಿಲ್ಲ. ರೊಟ್ಟಿ ಬಡಿಯುವ ಸದ್ದು ಮಾತ್ರ ಬರುತ್ತಿತ್ತು. ಅನ್ನಪೂರ್ಣಾ ಕರೆಯಲಿಲ್ಲ. ಮೂಗಿನಿಂದ ಒತ್ತಲು ನೋಡಿದಳು. ಕುತ್ತಿಗೆಯೂ ಆ ದಿನ ಹಿಡಿದುಕೊಂಡಿತ್ತು. ಅರ್ಧಕ್ಕೆ ಬಿಟ್ಟಳು. ಅದರ ಮರುದಿನ ಮೊದಲ ಪುಟವನ್ನೂ ತೆರೆಯಲಿಲ್ಲ. ಮಳೆ ಹಿಡಿದರೆ ಅವಳಿಗೆ ನೋವು ಹೆಚ್ಚು, ಆ ವಾರ ಮಳೆ ಬಿಡಲೇ ಇಲ್ಲ. ಮಧ್ಯಾಹ್ನ ಕೈ ಬಂದ ಮೇಲೆ ತುಂಬೋಣವೆಂದರೆ ಪ್ರಶ್ನೆಗಳು ಮುಚ್ಚಿಕೊಂಡಿರುತ್ತಿದ್ದವು. ಆ ಹುಡುಗಿಯ ನಂಬರಿಗೆ ತಾನೇ ಫೋನು ಮಾಡಿ ಕೇಳಿದಳು. ತಡವಾಗಿ ಬಂದ ಉತ್ತರ ಲೆಕ್ಕಕ್ಕೆ ಬರುವುದಿಲ್ಲ, ಬೇರೆಯವರು ತುಂಬಿದ್ದೂ ಬರುವುದಿಲ್ಲ ಎಂದಳು ಹುಡುಗಿ. ಬಾಯಿಂದ ಹೇಳಿದರೆ ನೀವೇ ಬರೆದುಕೊಳ್ಳುತ್ತೀರಾ ಎಂದದ್ದಕ್ಕೆ, ಅಂಥ ವ್ಯವಸ್ಥೆ ಇಲ್ಲ ಮೇಡಂ ಎಂದು ನಿಜವಾಗಿಯೂ ಬೇಸರದಿಂದಲೇ ಹೇಳಿದಳು. ಬೇರೆಯವರ ಬೆರಳಿನಿಂದ ಒತ್ತಿಸಿದ್ದರ ಬಗ್ಗೆ ಅನ್ನಪೂರ್ಣಾ ಬಾಯಿ ಬಿಡಲಿಲ್ಲ.

ಜ್ಯೋತಿಬಾನ ಮುಂದೆ ಹೇಳಿದಾಗ ಅವನು ಬೂಟು ಬಿಚ್ಚುತ್ತಿದ್ದ. ಬಿಟ್ಟುಬಿಡು, ಅದರಿಂದ ನಮಗೇನಾಗಬೇಕಾಗಿದೆ ಎಂದ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಅವಳಿಗೆ ಬಿಡಲು ಮನಸ್ಸಿರಲಿಲ್ಲ. ಬೆಳಗಿನ ನೋವನ್ನು ಒಂದು ಕಡೆ ಬರೆದಿಡುತ್ತಿದ್ದಾರೆ ಎಂಬುದೇ ಅವಳಿಗೆ ಒಂದು ಆಧಾರವಾಗಿತ್ತು. 

ಮುಂದಿನ ವಾರ ಸಂದೇಶ ಬಂತು. ಸತತವಾಗಿ ಉತ್ತರಗಳು ಬಾರದ ಕಾರಣ ತಮ್ಮನ್ನು ಅಧ್ಯಯನದಿಂದ ಕೈಬಿಡಲಾಗಿದೆ, ತಮ್ಮ ಸಹಕಾರಕ್ಕೆ ಧನ್ಯವಾದಗಳು. ಅನ್ನಪೂರ್ಣಾ ಅದನ್ನು ಓದಿ ಮೊಬೈಲನ್ನು ಮಗುಚಿ ಹಾಕಿ, ಗೋಡೆಗೆ ಒರಗಿ ಕೂತಳು. ಅಳು ಬರಲಿಲ್ಲ. ಒಂದು ಕೆಲಸ ಕಡಿಮೆಯಾಯಿತು ಎಂದೂ ಅನ್ನಿಸಲಿಲ್ಲ.

ದುರ್ಗವ್ವ ಚಹಾದ ಲೋಟ ತಂದು ಅವಳ ಎರಡೂ ಅಂಗೈಗಳ ನಡುವೆ ಇಟ್ಟಳು. ಎಂದಿನಂತೆ ಹೊರಗೆ ಹೋಗದೆ ಎದುರಿಗೇ ಕೂತಳು. ಏನು ಬಂದಿದೆ ಎಂದು ಕೇಳಿದಳು. ಅನ್ನಪೂರ್ಣಾ ಹೇಳಿದಳು.  ಹಂಚಿನ ಮೇಲೆ ಮಳೆ ಬೀಳುತ್ತಿತ್ತು.

"ಆವತ್ತ ನೀ ಒತ್ತಸಿದ್ದು ಖರೇನ ಐತಿ," ಎಂದಳು ದುರ್ಗವ್ವ. "ನಾ ನಂಬಿರಲಿಲ್ಲ. ನಂಬೂದು ಆಗಲಿಲ್ಲ ನನಗ. ನಂಬಿದ್ರ ಈ ಮನೀ ಕೆಲಸ ಎಲ್ಲಾ ಕಡೀತನಕ ನನ್ನ ಮ್ಯಾಲ ಬಿತ್ತು ಅಂತ ಆಗತಿತ್ತು. ನೆವಾ ಮಾಡತಾಳ ಅಂದ್ಕೊಂಡ್ರ, ನಾಳೆ ಎದ್ದಾಳು, ನಾಡದ ಎದ್ದಾಳು ಅಂತ ಒಂದು ಆಶಾ ಇರತಿತ್ತು. ನನಗೂ ಸಾಕಾಗೇತಿ ಅನ್ನಪೂರ್ಣಾ."

ಅನ್ನಪೂರ್ಣಾ ಲೋಟದ ಬಿಸಿಗೆ ಅಂಗೈ ಒತ್ತಿಕೊಂಡು ಕೂತಿದ್ದಳು. ಸಿಟ್ಟು ಬರಬೇಕಾಗಿತ್ತು. ಮೂರು ವರ್ಷ ಒಳಗೆ ಇಟ್ಟುಕೊಂಡ ಸಿಟ್ಟು ಎಲ್ಲಿಗೆ ಹೋಯಿತೋ ಅವಳಿಗೆ ತಿಳಿಯಲಿಲ್ಲ. ಎದುರಿಗೆ ಕೂತವಳು ಮುದುಕಿ, ಬೆಳಗಿನಿಂದ ಬಗ್ಗಿ ಬಗ್ಗಿ ರೊಟ್ಟಿ ಬಡಿದು ಬೆನ್ನು ನೆಟ್ಟಗೆ ಮಾಡಲಾಗದೆ ಕೂತಿದ್ದಾಳೆ ಎಂಬುದಷ್ಟೇ ಅವಳಿಗೆ ಕಾಣುತ್ತಿತ್ತು.

"ನಿಮ್ಮ ಬೆರಳಲೇ ಒತ್ತಸಬಾರದಾಗಿತ್ತರಿ ನಾ," ಎಂದಳು.

"ನಿನ್ನ ಬೆರಳು ಒತ್ತೂ ಹಂಗಿದ್ರ ನಂದು ಯಾಕ ಬೇಕಾಗತಿತ್ತು," ಎಂದು ದುರ್ಗವ್ವ ಎದ್ದಳು.

ಆ ಸಂಜೆ ಜ್ಯೋತಿಬಾ ಬಂದ ಮೇಲೆ ದುರ್ಗವ್ವ ಅವನನ್ನು ಕೂರಿಸಿಕೊಂಡು, ಇನ್ನು ದಿನಾ ರೊಟ್ಟಿ ಬಡಿಯುವುದು ತನ್ನಿಂದ ಆಗುವುದಿಲ್ಲ, ಅನ್ನಪೂರ್ಣಾಳಿಂದಂತೂ ಆಗುವುದೇ ಇಲ್ಲ ಎಂದು ಹೇಳಿಬಿಟ್ಟಳು. ಪಕ್ಕದ ಶಿವವ್ವ ಹೋಟೆಲಿನವರಿಗೆ ರೊಟ್ಟಿ ಮಾಡಿಕೊಡುತ್ತಿದ್ದಳು, ಅವಳಿಗೇ ಹೇಳುವುದೆಂದಾಯಿತು. ಬೆಳಗಿನ ಚಹಾ ತಾನೇ ಮಾಡಿ ಕುಡಿದು ಹೋಗುತ್ತೇನೆ ಎಂದ ಜ್ಯೋತಿಬಾ. ಇಷ್ಟು ಸಣ್ಣ ಮಾತಿಗೆ ಮೂರು ವರ್ಷ ಯಾಕೆ ಹಿಡಿಯಿತು ಎಂದು ಮೂವರಲ್ಲಿ ಯಾರೂ ಕೇಳಲಿಲ್ಲ. ಶಿವವ್ವನ ರೊಟ್ಟಿ ದಪ್ಪ ಎಂದು ದುರ್ಗವ್ವ ಮೊದಲ ದಿನವೇ ಆಡಿಕೊಂಡಳು, ಆದರೂ ತಿಂದಳು.

ಶ್ರಾವಣದಲ್ಲಿ ಹುಬ್ಬಳ್ಳಿಗೆ ಹೋಗುವ ದಿನ ಬಂತು. ಪ್ರತಿಸಲ ಅನ್ನಪೂರ್ಣಾ ಒಬ್ಬಳೇ ಹೋಗಿಬರುತ್ತಿದ್ದಳು. ಈ ಸಲ ದುರ್ಗವ್ವ ತಾನೂ ಬರುತ್ತೇನೆಂದು ಹೊಸ ಸೀರೆ ಉಟ್ಟು ನಿಂತಳು. ಮೊಣಕಾಲು ನೋವಿಟ್ಟುಕೊಂಡು ಯಾಕೆ ಎಂದರೂ ಕೇಳಲಿಲ್ಲ. ನಸುಕಿನ ಬಸ್ಸಿನಲ್ಲಿ ಕಂಡಕ್ಟರು ಬಂದು ಆಧಾರ್ ಕಾರ್ಡು ತೋರಿಸಿ ಎಂದಾಗ ಅನ್ನಪೂರ್ಣಾಳಿಗೆ ಚೀಲದ ಜಿಪ್ಪು ಎಳೆಯಲು ಆಗಲಿಲ್ಲ. ಕಂಡಕ್ಟರು ಬೇಗ ತೆಗೀರಿ ಎಂದು ಅವಸರ ಮಾಡಿದ. ಅವಳು ಒಬ್ಬಳೇ ಹೋಗುವಾಗ ಪ್ರತಿಸಲವೂ ನಡೆಯುತ್ತಿದ್ದದ್ದು ಇದೇ. ದುರ್ಗವ್ವ ಚೀಲ ಎಳೆದುಕೊಂಡು, ಜಿಪ್ಪು ತೆಗೆದು, ಎರಡೂ ಕಾರ್ಡುಗಳನ್ನು ತೋರಿಸಿದಳು. ಆಮೇಲೆ ಸೊಸೆಯ ಕೈಯನ್ನೇ ನೋಡುತ್ತ ಕೂತಳು.

ಆಸ್ಪತ್ರೆಯಲ್ಲಿ ಕೂರಲು ಬೆಂಚು ಸಿಗಲಿಲ್ಲ, ಗೋಡೆಗೆ ಒರಗಿ ನಿಂತೇ ಸರದಿ ಕಾದರು. ಡಾಕ್ಟರು ಸುವರ್ಣಾ ಕಂಪ್ಯೂಟರಿನಲ್ಲಿ ಅವಳ ಹೆಸರು ನೋಡಿ, ಅಧ್ಯಯನ ಬಿಟ್ಟಿದ್ದೀರಲ್ಲ ಎಂದರು. ಅನ್ನಪೂರ್ಣಾ ತಡವರಿಸುತ್ತಿದ್ದಂತೆ ದುರ್ಗವ್ವ ನಡುವೆ ಬಂದು ನಡೆದದ್ದನ್ನೆಲ್ಲ ಹೇಳಿದಳು. ಮೂಗಿನಿಂದ ಒತ್ತಿದ್ದು, ತಾನು ಒತ್ತಿಕೊಟ್ಟಿದ್ದು, ಫೋನು ಬಂದದ್ದು, ತಾನು ಒಳಗೆ ಬರುವುದನ್ನು ಬಿಟ್ಟದ್ದು. ತನ್ನ ಪಾಲಿನದನ್ನೂ ಬಿಡದೆ ಹೇಳಿದಳು.

ಡಾಕ್ಟರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಅವರ ಕಣ್ಣ ಕೆಳಗೂ ಕಪ್ಪು ಕಟ್ಟಿತ್ತು. ಬಿಟ್ಟುಹೋದವರಲ್ಲಿ ಹೆಚ್ಚಿನವರು ಬೆಳಿಗ್ಗೆ ಕೈ ಏಳದವರೇ ಎಂಬುದು ತಮಗೆ ಈ ತಿಂಗಳು ಗೊತ್ತಾಯಿತು ಎಂದರು. "ಬ್ಯಾನಿ ಕಮ್ಮಿ ಇದ್ದವರ ಉತ್ತರ ಅಷ್ಟ ನನ್ನ ಹತ್ರ ಬಂದು ಕುಂತಾವರಿ. ನೋಡಿದವರು ಈ ಗುಳಿಗಿ ಬಾಳ ಛಲೋ ಕೆಲಸ ಮಾಡೇತಿ ಅಂತಾರ." ಫೋನು ಮಾಡಿ ಬಾಯಿಂದ ಕೇಳುವ ವ್ಯವಸ್ಥೆ ಬೇಕೆಂದು ಮೇಲಿನವರಿಗೆ ಬರೆದಿದ್ದರಂತೆ. ಮುಂದಿನ ಅಧ್ಯಯನದಲ್ಲಿ ನೋಡೋಣ ಎಂದು ಉತ್ತರ ಬಂದಿತ್ತು. ಒಮ್ಮೆ ಬಿಟ್ಟವರನ್ನು ಮತ್ತೆ ಸೇರಿಸಲು ತಮಗೆ ಅಧಿಕಾರವಿಲ್ಲ ಎಂದರು. ಅತ್ತೆಯ ಬೆರಳಿನಿಂದ ಹೋದ ಉತ್ತರಗಳನ್ನು ತೆಗೆದುಹಾಕಬೇಕಾಗುತ್ತದೆ ಎಂಬುದನ್ನೂ, ತುಸು ತಡೆದು, ಹೇಳಿದರು.

ಅಷ್ಟೂ ಬೆಳಗುಗಳು ಲೆಕ್ಕದಿಂದ ಹೋದವು ಎಂಬುದು ಅನ್ನಪೂರ್ಣಾಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವಳು ತಲೆಯಾಡಿಸಿದಳು.

ಡಾಕ್ಟರು ಅವಳ ಕೈ ಹಿಡಿದು ನೋಡುತ್ತ, ಇವತ್ತು ಬೆಳಿಗ್ಗೆ ಹೇಗಿತ್ತು ಎಂದು ಕೇಳಿದರು. ಪರವಾಗಿಲ್ಲ ಎನ್ನಲು ಅನ್ನಪೂರ್ಣಾ ಬಾಯಿ ತೆರೆದಳು. ಡಾಕ್ಟರ ಮುಂದೆ ಅವಳು ಯಾವಾಗಲೂ ಹಾಗೆಯೇ ಹೇಳುತ್ತಿದ್ದಳು.

"ಬಾಳ ಇತ್ತರಿ," ಎಂದಳು ದುರ್ಗವ್ವ, ಗೋಡೆಯ ಕಡೆ ನೋಡುತ್ತ. "ಚೀಲದ ಜಿಪ್ಪ ತಗ್ಯಾಕ ಆಗಲಿಲ್ಲ ಇಕಿಗೆ. ನಾ ನೋಡೇನಿ."

ಡಾಕ್ಟರು ಅದನ್ನು ಬರೆದುಕೊಂಡರು. ಮಾತ್ರೆ ಬದಲಿಸಿದರು. ಹೊಸದು ಹಿಡಿಯಲು ವಾರಗಳೇ ಬೇಕು, ಹಿಡಿಯದೆಯೂ ಇರಬಹುದು, ಆಗ ಬೇರೆ ನೋಡೋಣ ಎಂದರು. ಹೊರಗೆ ಮುಂದಿನ ಹೆಸರು ಕೂಗಿದರು.

ಮರಳುವ ಬಸ್ಸಿನಲ್ಲಿ ಇಬ್ಬರಿಗೂ ಕೂರಲು ಜಾಗ ಸಿಕ್ಕಿತು. ಧಾರವಾಡ ದಾಟುವ ಹೊತ್ತಿಗೆ ದುರ್ಗವ್ವ ಕಿಟಕಿಯ ಪಕ್ಕದಲ್ಲಿ ಕೂತಲ್ಲೇ ತೂಕಡಿಸಿ, ನಿದ್ದೆಯಲ್ಲಿ ಸೊಸೆಯ ಭುಜಕ್ಕೆ ತಲೆ ಒರಗಿಸಿದಳು. ಬಸ್ಸು ಕುಲುಕಿದಾಗಲೆಲ್ಲ ಆ ಭಾರ ಅನ್ನಪೂರ್ಣಾಳ ಭುಜದ ಕೀಲಿಗೆ ಇಳಿಯುತ್ತಿತ್ತು. ಹಳಿಯಾಳದ ತನಕ ಅವಳು ಹಲ್ಲು ಕಚ್ಚಿ ತಡೆದಳು. ಮುದುಕಿಯ ನಿದ್ದೆ ಕೆಡಿಸುವುದು ಹೇಗೆ ಎಂದುಕೊಂಡಳು. ಊರು ದಾಟಿ ಕಾಡು ಆರಂಭವಾದ ಮೇಲೆ ತಡೆಯಲಾಗಲಿಲ್ಲ.

"ಅತ್ತಿ, ಭುಜ ಬಾಳ ನೋಯಾಕತ್ತೈತ್ರಿ," ಎಂದಳು. "ಆ ಕಡೆ ಒರಗರಿ."

ದುರ್ಗವ್ವ ಕಣ್ಣು ಪೂರ್ತಿ ತೆರೆಯಲಿಲ್ಲ. ಹೌದೇನು ಎಂದು ಕೇಳಲಿಲ್ಲ. ಹ್ಞೂಂ ಎಂದು ತಲೆ ಎತ್ತಿ, ಸೆರಗನ್ನು ಮುದ್ದೆ ಮಾಡಿ ಕಿಟಕಿಯ ಸರಳಿಗೆ ಇಟ್ಟುಕೊಂಡು, ಆ ಕಡೆ ಒರಗಿ ಮತ್ತೆ ನಿದ್ದೆ ಹೋದಳು. ಅನ್ನಪೂರ್ಣಾ ನೋಯುವ ಭುಜವನ್ನು ಮೆಲ್ಲಗೆ ಸಡಿಲಿಸಿ, ಕಾಲ ಬಳಿಯ ಔಷಧದ ಚೀಲ ಜಾರದ ಹಾಗೆ ಪಾದವನ್ನು ಅದಕ್ಕೆ ಒತ್ತಿಟ್ಟು, ತಾನೂ ಕಣ್ಣು ಮುಚ್ಚಿದಳು.